ಗಾಳಿಗೆ ಸಾಕ್ಷಿ ಕಲ್ಲುಹೂವು

ಮಸಾಲೆಗೆ ಹಾಕುವ ಕಲ್ಲುಹೂವನ್ನು ತಾವೆಲ್ಲ ಬಲ್ಲಿರಿ. ಹೆಸರು ಹೂವೆಂದಿದ್ದರೂ ಅದು ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ. ಬೇರಿಲ್ಲದ ಈ ಜೀವಕ್ಕೆ ಗಾಳಿ ಮಳೆಗಳೇ ಆಧಾರ. ಆದುದರಿಂದ ಗಾಳಿ ಕೆಟ್ಟರೆ ಮೊದಲು ಸಾಯುವವುಗಳಲ್ಲಿ ಇದೂ ಒಂದು.

ಫಿನ್ಲೆಂಡಿನ ಸಸ್ಯಶಾಸ್ತ್ರಜ್ಞ ನೈಲಾಂಡರನು ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂಗಳನ್ನು ಪರೀಕ್ಷಿಸಿ, ಇವು ಗಾಳಿಯ ಆರೋಗ್ಯಕ್ಕೆ ಅಳತೆಗೋಲೆಂದು 1866ರಲ್ಲಿಯೇ ಬರೆದನು. ನಗರದ ಹೊಗೆ ಬಿಡಲಿಲ್ಲ. 1896ರ ವೇಳೆಗೆ ಅಲ್ಲಿಯೂ ಅವು ಅಳಿದುವು. 1970ರಲ್ಲಿ ಹಾಕ್ಸ್‌ವರ್ತ್, ರೋಸ್ ಎಂಬಿಬ್ಬರು ಇಂಗ್ಲೆಂಡಿನ ಮರಗಳ ತೊಗಟೆ ನೋಡಿ ಗಂಧಕದ ಹೊಗೆಯನ್ನು ಅಂದಾಜು ಮಾಡುವ ಕೋಷ್ಟಕವನ್ನೇ ಕಟ್ಟಿದರು.

ಉದ್ಯಾನಕ್ಕೆ ಸ್ಥಳ ಗುರುತಿಸುವವರು ನಕ್ಷೆಯೊಡನೆ ತೊಗಟೆಯನ್ನೂ ನೋಡಲಿ. ಕಲ್ಲುಹೂ ಅಳಿದ ಬೀದಿಗೆ ಮೊದಲ ಸಸಿ ಸಲ್ಲಲಿ. ನಮ್ಮಲ್ಲಾದರೋ, ನಿವೇಶನ ಹಂಚಿ ಮಿಕ್ಕ ಮೂಲೆಯೇ ಎಷ್ಟೋ ಸಲ ಉದ್ಯಾನ!