ಎಡೆದೊರೆ ನಾಡಿನ ಗಿಡಗಳ ಲೆಕ್ಕ ಹಿಡಿದವರು

ಕೃಷ್ಣಾ, ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಅಕ್ಕಪಕ್ಕದ ತಾಲ್ಲೂಕುಗಳು. ಎರೆಹೊಲ, ಕಲ್ಲುಗುಡ್ಡ, ಕಾಲುವೆ ನೀರಿನ ಗದ್ದೆ ಮೂರೂ ಇಲ್ಲಿವೆ. ಆದರೂ ಇಲ್ಲಿನ ಸಸ್ಯಗಳ ಶಾಸ್ತ್ರೀಯ ದಾಖಲೆ ತಡವಾಗಿ ಆಯಿತು. ಅದಕ್ಕೆ ಕಾರಣ ಬ್ರಿಟಿಷರ ಕಾಲದ ಪ್ರಾಂತ, ಸಂಸ್ಥಾನಗಳ ಗಡಿ.

ಥಿಯೋಡೋರ್ ಕುಕ್ ಅವರ ಮುಂಬಯಿ ಪ್ರಾಂತದ ಸಸ್ಯಸಂಪುಟಗಳು 1901ರಿಂದ 1908ರವರೆಗೆ ಹೊರಬಂದವು. ಧಾರವಾಡ, ವಿಜಯಪುರದ ಗಿಡಗಳಿಗೆ ಅವುಗಳಲ್ಲಿ ಜಾಗ ಸಿಕ್ಕಿತು. ಜೆ. ಎಸ್. ಗ್ಯಾಂಬಲ್ 1915ರಲ್ಲಿ ಆರಂಭಿಸಿದ ಮದರಾಸು ಪ್ರಾಂತದ ಸಂಪುಟಗಳಿಗೆ ಬಳ್ಳಾರಿ ಸೇರಿತು. ಈ ತಾಲ್ಲೂಕುಗಳಿರುವ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆ ಎರಡಕ್ಕೂ ಸೇರದೆ ನಡುವೆ ಉಳಿಯಿತು. 1905ರವರೆಗೆ ಜಿಲ್ಲಾ ಕೇಂದ್ರವಾಗಿದ್ದ ಲಿಂಗಸುಗೂರಿನ ಪಾಡೂ ಅದೇ.

ಸ್ವಾತಂತ್ರ್ಯಾನಂತರ ಭಾರತೀಯ ಸಸ್ಯವಿಜ್ಞಾನ ಸರ್ವೇಕ್ಷಣೆ ಮರುಸಂಘಟನೆಗೊಂಡು, 1955ರಲ್ಲಿ ಪುಣೆಯಲ್ಲಿ ಪ್ರಾದೇಶಿಕ ಕೇಂದ್ರ ತೆರೆಯಿತು. 1984ರಲ್ಲಿ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸೆಸಿಲ್ ಸಲ್ಡಾನ್ಹಾ ಅವರ ಕರ್ನಾಟಕ ಸಸ್ಯಸಂಪುಟದ ಮೊದಲ ಭಾಗ ಪ್ರಕಟವಾಯಿತು. 1988ರಲ್ಲಿ ಎನ್. ಪಿ. ಸಿಂಗ್ ಪೂರ್ವ ಕರ್ನಾಟಕದ ಸಸ್ಯಗಳನ್ನು ಎರಡು ಸಂಪುಟಗಳಲ್ಲಿ ವಿವರಿಸಿದರು. 2000ದಲ್ಲಿ ಸೀತಾರಾಮ್, ಕೊಟ್ರೇಶ, ಉಪಳಾಂವಕರ ಅವರ ಗುಲಬರ್ಗಾ ಜಿಲ್ಲೆಯ ಸಸ್ಯಸಂಪುಟ ಬಂತು. ಪ್ರಾಂತಗಳ ಮಟ್ಟದಲ್ಲಿದ್ದ ಕೆಲಸ ಹೀಗೆ ಜಿಲ್ಲೆಗಿಳಿದು, ಈ ಸೀಮೆಯ ಅಧ್ಯಾಪಕರ ಕೈಗೆ ಬಂತು.

1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಇಲ್ಲಿನ ವಿದ್ಯಾರ್ಥಿಗೆ ದಾರಿ ಹತ್ತಿರವಾಯಿತು. ಬಿ.ಎಸ್ಸಿ., ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ., ಆಮೇಲೆ ಒಂದು ಪ್ರದೇಶವನ್ನೋ ಒಂದು ಸಸ್ಯಕುಟುಂಬವನ್ನೋ ಹಿಡಿದು ಪಿಎಚ್.ಡಿ. ಮುಂದೆ ಸರ್ವೇಕ್ಷಣೆಯ ಹುದ್ದೆ, ಇಲ್ಲವೇ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸಾಗಿ ಪದವಿ ಕಾಲೇಜಿನ ಅಧ್ಯಾಪನ.

ನಿಜವಾದ ಪಾಠ ನಡೆಯುವುದು ಬಯಲಿನಲ್ಲಿ. ಹೂವು, ಕಾಯಿ ಎರಡೂ ಇರುವ ಟೊಂಗೆ ಕತ್ತರಿಸಿ, ಸಂಖ್ಯೆ ಕಟ್ಟಿ, ಹಳೆಯ ಪತ್ರಿಕೆಗಳ ನಡುವೆ ಒತ್ತಿಡಬೇಕು. ತೇವ ಹೀರಿದ ಕಾಗದ ಬದಲಿಸುತ್ತಿರದಿದ್ದರೆ ಬೂಸು ಹಿಡಿಯುತ್ತದೆ. ಒಣಗಿದ ಹೂವಿನ ಬಣ್ಣ ಮಾಸುವುದರಿಂದ, ಬಣ್ಣವನ್ನು ಕಿತ್ತ ಜಾಗದಲ್ಲೇ ಬರೆದುಕೊಳ್ಳಬೇಕು. ಊರು, ದಿನಾಂಕ, ಮಣ್ಣಿನ ಬಗೆ, ಜನ ಕರೆಯುವ ಹೆಸರು ಎಲ್ಲವೂ ಒಣಗಿದ ಗಿಡ ಅಂಟಿಸುವ ಹಾಳೆಯ ಮೂಲೆಯ ಚೀಟಿಯಲ್ಲಿರಬೇಕು. ಹುಲ್ಲಾದರೆ ಮಸೂರದಡಿ ಕಿರುತೆನೆ ಬಿಡಿಸದೆ ಹೆಸರು ಹೇಳುವುದು ಕಷ್ಟ.

ಶಾಸ್ತ್ರೀಯ ಹೆಸರುಗಳೂ ನಿಂತ ನೀರಲ್ಲ. ಕರಿಜಾಲಿ ಅಕೇಸಿಯಾ ನಿಲೋಟಿಕಾ ಆಗಿತ್ತು. ಅಕೇಸಿಯಾ ಹೆಸರನ್ನು ಆಸ್ಟ್ರೇಲಿಯಾದ ಗುಂಪಿಗೆ ಉಳಿಸುವ 2005ರ ವಿಯೆನ್ನಾ ಸಮ್ಮೇಳನದ ನಿರ್ಧಾರದಿಂದ ಅದು ವಚೇಲಿಯಾ ನಿಲೋಟಿಕಾ ಆಯಿತು. ಬಳ್ಳಾರಿ ಜಾಲಿಯನ್ನೂ 2022ರಲ್ಲಿ ಪ್ರೊಸೋಪಿಸ್‌ನಿಂದ ನೆಲ್ಟುಮಾಕ್ಕೆ ಸರಿಸಲಾಯಿತು. 1998ರಲ್ಲಿ ಬಂದ ಡಿಎನ್‌ಎ ಆಧಾರಿತ ವರ್ಗೀಕರಣವೂ ಈಗ ಕಲಿಕೆಗೆ ಸೇರಿದೆ.

ನೆಲವೂ ಬದಲಾಗಿದೆ. 1950ರ ದಶಕದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರಿನ ಜೋಳ, ಹತ್ತಿಯ ಹೊಲಗಳು ಭತ್ತದ ಗದ್ದೆಗಳಾದವು. ಕಾಲುವೆಯಂಚಿನಲ್ಲಿ ಆಪು, ಗದ್ದೆಯಲ್ಲಿ ನೀರುಕಳೆ, ಪಾಳುಭೂಮಿಯಲ್ಲಿ ಬಳ್ಳಾರಿ ಜಾಲಿ ಹಬ್ಬಿವೆ. ಮಂಗರವಳ್ಳಿಯಂಥ ಒಣನೆಲದ ಬಳ್ಳಿಗಳನ್ನು ಹುಡುಕಲು ಲಿಂಗಸುಗೂರು, ಮಸ್ಕಿಯ ಗುಡ್ಡಗಳಿಗೇ ಹೋಗಬೇಕು. ಎನ್. ಪಿ. ಸಿಂಗ್ ಅವರ 1988ರ ಸಂಪುಟಗಳನ್ನು ಮುಂದಿಟ್ಟುಕೊಂಡು ಯಾವ ಗಿಡ ಉಳಿದಿದೆ, ಯಾವುದು ಹೊಸದಾಗಿ ಬಂದಿದೆ ಎಂದು ಊರೂರು ತಿರುಗಿ ಪರಿಶೀಲಿಸುವ ಕೆಲಸ ಈಗ ಆಗಬೇಕು. ಈ ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಸಸ್ಯಶಾಸ್ತ್ರದ ಹುದ್ದೆಗಳು ಭರ್ತಿಯಾಗಿ, ಮಕ್ಕಳು ಒತ್ತಿದ ಹಾಳೆಗಳನ್ನು ಕಾಪಿಡಲು ಒಂದು ಕೋಣೆ ಸಿಕ್ಕರೆ ಆ ಕೆಲಸವನ್ನು ಇಲ್ಲಿನವರೇ ಮಾಡಬಲ್ಲರು.