ಮಹಾವೀರಾಚಾರ್ಯರ ಅಂಕಮಾಲೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲವೆಂದೊಡನೆ ಕವಿರಾಜಮಾರ್ಗವೂ ಜಿನಸೇನಾಚಾರ್ಯರೂ ನಮ್ಮ ಸ್ಮರಣೆಗೆ ಬರುವುದು ಸಹಜ. ಅದೇ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ ಮಹಾವೀರಾಚಾರ್ಯರನ್ನು ನೆನೆಯುವವರು ಮಾತ್ರ ವಿರಳ. ಲೌಕಿಕವಾಗಲಿ ಧಾರ್ಮಿಕವಾಗಲಿ, ಸಕಲ ವ್ಯವಹಾರಗಳಿಗೂ ಗಣಿತವು ಬೇಕೆಂದು ಸಾರಿದ ಮಹನೀಯರವರು.

ಗುಣಾಕಾರವನ್ನು ಕಲಿಸುವಾಗ ಆಚಾರ್ಯರು ಕೊಟ್ಟಿರುವ ಲೆಕ್ಕಗಳಲ್ಲಿ ಒಂದನ್ನು ನೋಡೋಣ. 27994681ನ್ನು 441ರಿಂದ ಗುಣಿಸಬೇಕು. ಲಬ್ಧವು 12345654321. ಒಂದರಿಂದ ಆರರವರೆಗೆ ಏರಿ, ಮರಳಿ ಒಂದಕ್ಕೆ ಇಳಿಯುವ ಸಂಖ್ಯೆಯಿದು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಕೆಲವು ಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಏಕದಿಂದ ಮಹಾಕ್ಷೋಭದವರೆಗೆ ಅವರು ಹೆಸರಿಸಿದ 24 ಸ್ಥಾನಗಳಲ್ಲಿ ಈ ಮಾಲೆಯು ಹನ್ನೊಂದನೆಯದಾದ ಅರ್ಬುದವನ್ನು ಮುಟ್ಟುತ್ತದೆ. ನಡುವಣ ಆರು ಲಕ್ಷಸ್ಥಾನದಲ್ಲಿ ಪದಕದಂತೆ ನಿಲ್ಲುತ್ತದೆ.

ಇದರ ಮರ್ಮವೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನೂ 5291ನ್ನೂ ಗುಣಿಸಿದರೆ 111111. ಆದುದರಿಂದ ನಮ್ಮ ಮಾಲೆಯು 111111ರ ವರ್ಗವೇ ಆಗಿದೆ. ಆರು ಒಂದುಗಳ ಸಾಲನ್ನು ಆರು ಬಾರಿ, ಪ್ರತಿ ಸಾಲನ್ನೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆದು ಕೂಡಿರಿ. ಬಲದ ಕಂಬದಲ್ಲಿ ಒಂದು, ಮುಂದಿನದರಲ್ಲಿ ಎರಡು, ಹೀಗೆ ಆರರವರೆಗೆ ಏರಿ ಮತ್ತೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಒಂಬತ್ತು ಒಂದುಗಳವರೆಗೂ ಈ ಕ್ರಮವು ನಡೆಯುತ್ತದೆ. ಹತ್ತಾದಾಗ ನಡುವೆ ದಶಕ ಒಯ್ಯಬೇಕಾಗಿ ಮಾಲೆಯು ಹರಿಯುತ್ತದೆ. 111111 ಎಂಬುದು 3, 7, 11, 13, 37ರ ಗುಣಲಬ್ಧ. ಆದ್ದರಿಂದ ಅದರ ವರ್ಗವನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಅಂಕಗಳ ಮೊತ್ತ 36. ಅದೂ ಆರರ ವರ್ಗವೇ.

ಇದು ಕೇವಲ ವಿನೋದವೆಂದು ನನಗೆ ತೋರುವುದಿಲ್ಲ. ಕಿರ್ದಿ ಖಾತೆಗಳ ನಡುವೆ ಆಯುಷ್ಯ ಕಳೆದ ವರ್ತಕ ನಾನು. ಸಾಧಾರಣ ಲೆಕ್ಕದಲ್ಲಿ ಒಂದು ಅಂಕ ತಪ್ಪಿದರೆ ಅದು ಮುಖ ತೋರದೆ ಅಡಗಿರುತ್ತದೆ. ಎಷ್ಟೋ ರಾತ್ರಿ ಅದನ್ನು ಹುಡುಕುತ್ತ ಕುಳಿತಿದ್ದೇನೆ. ಈ ಮಾಲೆಯಲ್ಲಾದರೋ ಒಂದು ಮಣಿ ತಪ್ಪಿದರೂ ಒಡನೆಯೇ ಗೊತ್ತಾಗುತ್ತದೆ. ಗುರುವು ತಿದ್ದುವ ಮೊದಲೇ ಶಿಷ್ಯನು ತನ್ನ ತಪ್ಪನ್ನು ತಾನೇ ಕಾಣಬಲ್ಲನು. ಅಚೌರ್ಯಾಣುವ್ರತವನ್ನು ಪಾಲಿಸಬೇಕಾದ ಶ್ರಾವಕನಿಗೆ ಇದಕ್ಕಿಂತ ಉತ್ತಮ ಪಾಠ ಯಾವುದು? ಪರರ ಹಣವನ್ನು ಕಾಯುವುದು ಶುದ್ಧವಾದ ಲೆಕ್ಕದಿಂದಲೇ ಆರಂಭವಾಗುತ್ತದೆ.

ಶತಮಾನಗಳ ಕಾಲ ಹಸ್ತಪ್ರತಿಗಳಲ್ಲಿ ಉಳಿದು ಬಂದ ಈ ಗ್ರಂಥವು 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಯಿತು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವೂ ಪ್ರಕಟವಾಯಿತು. ಬಸದಿಗಳ ಜೀರ್ಣೋದ್ಧಾರಕ್ಕೆ ಉದಾರವಾಗಿ ನೀಡುವ ನಾವು ಇಂತಹ ಗ್ರಂಥಗಳನ್ನು ತೆರೆದು ಓದದಿದ್ದರೆ ಅವುಗಳಿಗೆ ಉದ್ಧಾರವೆಲ್ಲಿ? ಈ ಸಂಚಿಕೆಯನ್ನು ಮನೆಗೆ ಒಯ್ದ ದಿನ, ಮಕ್ಕಳ ಕೈಗೆ ಕಾಗದ ಕೊಟ್ಟು, ಯಂತ್ರದ ನೆರವಿಲ್ಲದೆ ಆ ಗುಣಾಕಾರವನ್ನು ಮಾಡಿಸಿರಿ. ಮಾಲೆಯು ಅವರ ಕೈಯಿಂದಲೇ ಪೋಣಿಸಲ್ಪಡಲಿ.