ಅಹ್ರಿಮನ್ ತೆರವು ಮಾಡಿದ ಜಾಗಕ್ಕೆ ಬಂದ ಕರ್ಮ

ಪಾರ್ಸಿಗಳಲ್ಲಿ ಪುನರ್ಜನ್ಮವನ್ನು ನಂಬುವವರು ಇಂದು ಕಡಿಮೆಯಿಲ್ಲ. ಈ ನಂಬಿಕೆ ತಮ್ಮ ಧರ್ಮದ್ದೇ ಹೌದೋ ಅಲ್ಲವೋ ಎಂಬ ಜಗಳ ಅವರೊಳಗೆ ನೂರು ವರ್ಷಕ್ಕೂ ಹಳೆಯದು. ನಂಬುವವರು ಹೇಳುವುದು: ಇದು ಪ್ರವಾದಿ ಜರತುಷ್ಟ್ರನೇ ತಿಳಿಸಿದ ಗುಟ್ಟು, ಕಾಲಾಂತರದಲ್ಲಿ ಪುರೋಹಿತರು ಕಳೆದುಕೊಂಡರು. ನಂಬದವರು ಹೇಳುವುದು: ಇದು ಹಿಂದೂಗಳ ನೆರೆಯಲ್ಲಿ ಬಾಳಿ ಅಂಟಿಸಿಕೊಂಡದ್ದು. ಮೊದಲನೆಯ ಉತ್ತರಕ್ಕೆ ಗ್ರಂಥಗಳ ಆಧಾರವಿಲ್ಲ. ಎರಡನೆಯದು ಅರ್ಧ ಮಾತ್ರ ನಿಜ, ಏಕೆಂದರೆ ಸಾವಿರ ವರ್ಷ ಅಂಟದ್ದು ಒಂದು ನಿರ್ದಿಷ್ಟ ಕಾಲದಲ್ಲಿ ಏಕೆ ಅಂಟಿತು ಎಂಬುದನ್ನು ಅದು ವಿವರಿಸುವುದಿಲ್ಲ. ಆ ಕಾಲ ಹತ್ತೊಂಬತ್ತನೆಯ ಶತಮಾನ, ಆ ಊರು ಬೊಂಬಾಯಿ. ಪಾರ್ಸಿಗಳು ತಮ್ಮ ಧರ್ಮದ ಒಂದು ಮುಖ್ಯ ಕಂಬವನ್ನು ತಾವೇ ಕಳಚಿದ್ದರಿಂದ ಪುನರ್ಜನ್ಮಕ್ಕೆ ಒಳಗೆ ಜಾಗವಾಯಿತು ಎಂಬುದು ನನ್ನ ವಾದ.

ಕಳಚುವುದಕ್ಕೆ ಮೊದಲು ಕಟ್ಟಡ ಹೇಗಿತ್ತು ಎಂದು ನೋಡಬೇಕು. ಜರತುಷ್ಟ್ರನದೇ ರಚನೆ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ 17 ಗಾಥೆಗಳಲ್ಲಿ ಎರಡು ಬದುಕುಗಳ ಮಾತು ಬರುತ್ತದೆ. ಒಂದು ಎಲುಬುಳ್ಳ ದೇಹದ ಬದುಕು, ಇನ್ನೊಂದು ಮನಸ್ಸಿನ ಬದುಕು. ಸತ್ತವನ ಆತ್ಮ ಚಿನ್ವತ್ ಸೇತುವೆಯ ಬಳಿಗೆ ಬರುತ್ತದೆ. ಸಜ್ಜನ ದಾಟಿ ಹಾಡಿನ ಮನೆಯನ್ನು ಸೇರುತ್ತಾನೆ, ದುಷ್ಟ ಸುಳ್ಳಿನ ಮನೆಯ ಅತಿಥಿಯಾಗುತ್ತಾನೆ. ಕೆಟ್ಟ ಪುರೋಹಿತರೂ ಕೆಟ್ಟ ಅರಸರೂ ಸದಾಕಾಲ ಅಲ್ಲೇ ಇರುವರು ಎನ್ನುತ್ತದೆ ಒಂದು ಗಾಥೆ. ಪವಿತ್ರ ಗ್ರಂಥ ಅವೆಸ್ತಾದ ಕಿರಿಯ ಭಾಗಕ್ಕೆ ಸೇರಿದ ಹಾದೋಖ್ತ್ ನಸ್ಕ್ ಇದೇ ಚಿತ್ರವನ್ನು ಬೆಳೆಸುತ್ತದೆ: ಮೂರು ರಾತ್ರಿ ಆತ್ಮ ಹೆಣದ ತಲೆಯ ಬಳಿ ಕೂತಿರುತ್ತದೆ, ನಾಲ್ಕನೆಯ ದಿನದ ಬೆಳಗಿನ ಜಾವ ತನ್ನ ನಡತೆಯೇ ಹೆಣ್ಣಿನ ರೂಪ ತಾಳಿ ಎದುರಾಗುತ್ತದೆ. ತೀರ್ಪು ಅಲ್ಲಿಗೆ ಮುಗಿಯಿತು. ಮತ್ತೊಂದು ಗರ್ಭಕ್ಕೆ ಹೋಗುವ ದಾರಿ ಅಲ್ಲಿಂದ ಹೊರಡುವುದಿಲ್ಲ.

ಆದರೆ ಕಥೆ ಮುಗಿಯುವುದಿಲ್ಲ, ಮತ್ತು ಪುನರ್ಜನ್ಮದ ವಿಚಾರವನ್ನು ನಿಜವಾಗಿ ನಿರ್ಧರಿಸುವುದು ಈ ಮುಂದಿನ ಭಾಗವೇ. ಲೋಕದ ಕೊನೆಗೆ ಸಾಓಷ್ಯಂತ್ ಎಂಬ ಉದ್ಧಾರಕ ಬಂದು ಸತ್ತವರನ್ನೆಲ್ಲ ಎಬ್ಬಿಸುತ್ತಾನೆ. ಪಹ್ಲವಿ ಭಾಷೆಯ ಬುಂದಹಿಷ್ನ್ ಗ್ರಂಥದಲ್ಲಿ ಜರತುಷ್ಟ್ರನೇ ಸಂಶಯ ಎತ್ತುತ್ತಾನೆ: ಗಾಳಿ ಹೊತ್ತುಕೊಂಡು ಹೋದ, ನೀರು ಎಳೆದುಕೊಂಡು ಹೋದ ದೇಹವನ್ನು ಮತ್ತೆ ಕೂಡಿಸುವುದು ಹೇಗೆ? ಕಂಬವಿಲ್ಲದ ಆಕಾಶವನ್ನು ನಿಲ್ಲಿಸಿದವನಿಗೆ, ಬೀಜದಿಂದ ಪೈರು ಎಬ್ಬಿಸಿದವನಿಗೆ ಇದು ಹೆಚ್ಚಿನದೇ ಎಂಬ ಅರ್ಥದ ಉತ್ತರ ಬರುತ್ತದೆ. ಮೊದಲ ಮಾನವ ಗಯೋಮರ್ದನ ಎಲುಬು ಮೊದಲು ಏಳುತ್ತದೆ, ಉಳಿದವರು ಆಮೇಲೆ. ಎಲ್ಲರೂ ಕರಗಿದ ಲೋಹದ ಹೊಳೆಯನ್ನು ದಾಟಬೇಕು. ಸಜ್ಜನನಿಗೆ ಅದು ಬೆಚ್ಚಗಿನ ಹಾಲಿನಂತಿರುತ್ತದೆ. ಈ ನಂಬಿಕೆ ತಡವಾಗಿ ಬಂದದ್ದೂ ಅಲ್ಲ. ಮಾಗಿ ಪುರೋಹಿತರ ಪ್ರಕಾರ ಮನುಷ್ಯರು ಮತ್ತೆ ಬದುಕಿ ಅಮರರಾಗುತ್ತಾರೆ ಎಂದು ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಗ್ರೀಕ್ ಲೇಖಕ ಥಿಯೊಪಾಂಪಸ್ ಬರೆದದ್ದು ದಾಖಲಾಗಿದೆ. ಇನ್ನು ಒಂದೇ ಆತ್ಮ ಹತ್ತಾರು ದೇಹ ತೊಟ್ಟಿದ್ದರೆ ಕೊನೆಯ ದಿನ ಯಾವ ದೇಹ ಏಳಬೇಕು? ಪುನರುತ್ಥಾನವನ್ನು ನಂಬುವ ಧರ್ಮಕ್ಕೆ ಈ ಪ್ರಶ್ನೆ ತಪ್ಪಿದ್ದಲ್ಲ. ದೇಹದ ಎಲುಬು ಕೂಡಿಸುವ ಬಗ್ಗೆ ಇಷ್ಟು ತಲೆಕೆಡಿಸಿಕೊಂಡ ಪಹ್ಲವಿ ಪಂಡಿತರು ಈ ಪ್ರಶ್ನೆಯನ್ನು ಎತ್ತಲೇ ಇಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಆತ್ಮಕ್ಕೆ ಒಂದೇ ದೇಹ.

ಇದರ ಹಿಂದೆ ದೇಹದ ಬಗೆಗಿನ ಬೇರೆಯದೇ ಭಾವನೆಯಿದೆ. ಭಾರತದ ಬಹುಪಾಲು ದರ್ಶನಗಳಿಗೆ ಹುಟ್ಟು ಒಂದು ಬಂಧನ, ಬಿಡುಗಡೆ ಅದರಿಂದಾಚೆ. ಜರತುಷ್ಟ್ರ ಧರ್ಮದಲ್ಲಿ ದೇಹ, ದನ, ನೀರು, ಮಣ್ಣು ಎಲ್ಲವೂ ದೇವರಾದ ಅಹುರ ಮಜ್ದಾನ ಒಳ್ಳೆಯ ಸೃಷ್ಟಿ. ಅದನ್ನು ಕೆಡಿಸಲು ಹೊರಗಿನಿಂದ ನುಗ್ಗಿದವನು ಅಹ್ರಿಮನ್, ಅವೆಸ್ತಾದ ಅಂಗ್ರ ಮೈನ್ಯು. ಬುಂದಹಿಷ್ನ್ ಹೇಳುವಂತೆ ಹುಟ್ಟಿಗೆ ಮೊದಲೇ ಇರುವ ಆತ್ಮರೂಪಗಳಾದ ಫ್ರವಷಿಗಳನ್ನು ದೇವರು ಕೇಳಿದ: ದೇಹ ತೊಟ್ಟು ಇಳಿದು ಕೇಡಿನೊಡನೆ ಕಾದುವಿರಾ? ಅವು ಒಪ್ಪಿ ಇಳಿದವು. ಹುಟ್ಟು ಇಲ್ಲಿ ಹಳೆಯ ಸಾಲದ ತೀರುವಳಿಯಲ್ಲ, ಒಪ್ಪಿ ಬಂದ ಯುದ್ಧಸೇವೆ. ಹುಟ್ಟುಕುರುಡಿಗೆ, ಹಸುಗೂಸಿನ ಸಾವಿಗೆ, ಬರಗಾಲಕ್ಕೆ ಕಾರಣ ಕೇಳಿದರೆ ಈ ಧರ್ಮದ ಬಳಿ ಸಿದ್ಧ ಉತ್ತರವಿತ್ತು: ಅದು ದೇವರು ಕೊಟ್ಟದ್ದಲ್ಲ, ನೀನು ಗಳಿಸಿದ್ದೂ ಅಲ್ಲ, ಶತ್ರು ಮಾಡಿದ್ದು. ಲೋಕದ ಅನ್ಯಾಯಕ್ಕೆ ಕಾರಣ ಹೇಳುವುದು ಕರ್ಮಸಿದ್ಧಾಂತದ ದೊಡ್ಡ ಕೆಲಸ. ಆ ಕೆಲಸವನ್ನು ಇಲ್ಲಿ ಅಹ್ರಿಮನ್ ಮಾಡುತ್ತಿದ್ದಾಗ ಕರ್ಮಕ್ಕೆ ಉದ್ಯೋಗವೇ ಇರಲಿಲ್ಲ.

ಆಚರಣೆಗಳ ಸಾಕ್ಷ್ಯವೂ ಇದೇ ಕಡೆಗಿದೆ. ಪಾರ್ಸಿ ಮನೆಯಲ್ಲಿ ಸಾವಾದರೆ ಮೂರನೆಯ ದಿನದ ಮಧ್ಯಾಹ್ನ ಉಠಮಣಾ, ನಾಲ್ಕನೆಯ ದಿನ ಬೆಳಗಾಗುವ ಮುಂಚೆ ಚಹಾರುಮ್ ಪ್ರಾರ್ಥನೆ. ಆ ಹೊತ್ತಿಗೆ ಆತ್ಮ ಸೇತುವೆಯ ಮುಂದೆ ನಿಲ್ಲುತ್ತದೆ ಎಂಬ ಲೆಕ್ಕ. ಸಿಯಾವ್ ಎಂದು ಕರೆಯುವ ಒಂದು ಜೊತೆ ಬಿಳಿ ಬಟ್ಟೆಯನ್ನು ಸತ್ತವರ ಹೆಸರಲ್ಲಿ ಮಂತ್ರಿಸಿ ಇಡುತ್ತಾರೆ. ಪುನರುತ್ಥಾನದ ದಿನ ಅವರು ಬತ್ತಲೆ ಏಳಬಾರದು ಎಂಬುದು ಹಳೆಯ ಗ್ರಂಥಗಳು ಕೊಡುವ ಕಾರಣ. ವರ್ಷದ ಕೊನೆಯ ಮುಕ್ತಾದ್ ದಿನಗಳಲ್ಲಿ ಹಿರಿಯರ ಫ್ರವಷಿಗಳು ಮನೆಗೆ ಬರುತ್ತವೆಂದು ಹೂದಾನಿಗಳನ್ನು ಸಾಲಾಗಿ ಇಟ್ಟು ಪ್ರಾರ್ಥಿಸುತ್ತಾರೆ. ಅಜ್ಜ ಬೇರೆಲ್ಲೋ ಕೂಸಾಗಿ ಹುಟ್ಟಿದ್ದರೆ ಈ ಹೂವು ಯಾರಿಗೆ? ಹಿಂದೂಗಳೂ ಪುನರ್ಜನ್ಮ ನಂಬಿಕೊಂಡೇ ಶ್ರಾದ್ಧ ಮಾಡುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಆಚರಣೆಗೂ ಸಿದ್ಧಾಂತಕ್ಕೂ ಎಲ್ಲೆಡೆ ತಾಳೆ ಇರುವುದಿಲ್ಲ. ಆದ್ದರಿಂದ ಆಚರಣೆಯೊಂದನ್ನೇ ಪುರಾವೆಯಾಗಿ ಮುಂದಿಡಲಾರೆ. ಗ್ರಂಥವೂ ಆಚರಣೆಯೂ ಒಂದೇ ಮಾತು ಆಡುವಾಗ ಅದಕ್ಕೆ ಬಲ ಬರುತ್ತದೆ ಎಂದಷ್ಟೇ ಹೇಳುತ್ತೇನೆ.

ಪುನರ್ಜನ್ಮವಾದಿಗಳ ದೊಡ್ಡ ಆಕ್ಷೇಪ ಬೇರೆ. ಅವೆಸ್ತಾದ ಸಂಪುಟಗಳಾದ 21 ನಸ್ಕ್‌ಗಳಲ್ಲಿ ಹೆಚ್ಚಿನವು ನಾಶವಾಗಿವೆ, ಕಳೆದುಹೋದುದರಲ್ಲಿ ಪುನರ್ಜನ್ಮ ಇತ್ತು ಎನ್ನುತ್ತಾರೆ. ನಾಶವಾದದ್ದು ನಿಜ. ಆದರೆ 9–10ನೇ ಶತಮಾನದ ದೇನ್ಕರ್ದ್ ಗ್ರಂಥದ ಎಂಟು ಮತ್ತು ಒಂಬತ್ತನೆಯ ಸಂಪುಟಗಳಲ್ಲಿ ಆ ನಸ್ಕ್‌ಗಳ ಸಾರಾಂಶ ಉಳಿದಿದೆ. ಅಲ್ಲಿ ಸೇತುವೆ, ಸ್ವರ್ಗ, ನರಕ, ಪುನರುತ್ಥಾನಗಳೇ ಬರುತ್ತವೆ. ಅದೇ 9ನೇ ಶತಮಾನದ ಮುಖ್ಯ ಪುರೋಹಿತ ಮನುಶ್ಚಿಹ್ರ್ ಸಾವಿನ ನಂತರ ಆತ್ಮಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ವಿವರವಾಗಿ ಉತ್ತರ ಬರೆದಿದ್ದಾನೆ. ಅವನ ಉತ್ತರವೂ ಇದೇ. ಹೊರಗಿನವರ ಸಾಕ್ಷಿ ಬೇಕಿದ್ದರೆ ಅಲ್‌ಬಿರೂನಿ ಇದ್ದಾನೆ. ಇರಾನಿನ ಧರ್ಮಗಳನ್ನು ಬಲ್ಲ ಈ ಪಂಡಿತ 11ನೇ ಶತಮಾನದಲ್ಲಿ ಬರೆದ ಭಾರತದ ಪುಸ್ತಕದಲ್ಲಿ ಪುನರ್ಜನ್ಮವನ್ನೇ ಹಿಂದೂ ಧರ್ಮದ ಗುರುತಾಗಿ ಹೇಳುತ್ತಾನೆ, ಇರಾನಿನಿಂದ ಗಡೀಪಾರಾದ ಮಾನಿ ಎಂಬ ಮತಸ್ಥಾಪಕ ಆ ವಿಚಾರವನ್ನು ಭಾರತಕ್ಕೆ ಹೋಗಿ ಕಲಿತನೆಂದೂ ಸೇರಿಸುತ್ತಾನೆ. ಜರತುಷ್ಟ್ರ ಧರ್ಮದಲ್ಲೇ ಅದು ಇದ್ದಿದ್ದರೆ ಮಾನಿ ಅಷ್ಟು ದೂರ ಹೋಗಬೇಕಿತ್ತೇ?

ಹಾಗಾದರೆ ನೆರೆಹೊರೆಯಿಂದ ಬಂದದ್ದೆಂದು ಮುಗಿಸಬಹುದಲ್ಲ? ಕಾಲದ ಲೆಕ್ಕ ಅದಕ್ಕೆ ಒಪ್ಪುವುದಿಲ್ಲ. ಪಾರ್ಸಿಗಳು ಗುಜರಾತಿನಲ್ಲಿ ನೆಲೆಸಿ ಗುಜರಾತಿ ಮಾತಾಡಿದರು, ಸೀರೆ ಉಟ್ಟರು, ದನದ ಮಾಂಸ ಬಿಟ್ಟರು. ಅವರ ಪಂಡಿತ ನೇರ್ಯೋಸಂಗ ಧವಲ ಪೂಜಾಪಾಠವಾದ ಯಸ್ನವನ್ನು ಸಂಸ್ಕೃತಕ್ಕೇ ತಂದ. ಸಂದೇಹ ಬಂದಾಗ ಇರಾನಿನ ಪುರೋಹಿತರಿಗೆ ಪತ್ರ ಬರೆದು ಕೇಳುತ್ತಿದ್ದರು. 1478ರಿಂದ 1773ರವರೆಗೆ ನಡೆದ ಆ ರಿವಾಯತ್ ಪತ್ರವ್ಯವಹಾರ ಬಹುಮಟ್ಟಿಗೆ ಮಡಿ, ಮೈಲಿಗೆ, ಶವಸಂಸ್ಕಾರಗಳ ಸುತ್ತಲೇ ಇದೆ. ಉಡುಗೆ ಭಾಷೆಗಳನ್ನು ಅಷ್ಟು ಬೇಗ ಬದಲಿಸಿದವರು ಪರಲೋಕದ ನಕಾಶೆಯನ್ನು ಬದಲಿಸಲಿಲ್ಲ. 19ನೇ ಶತಮಾನದ ನಡುವಿನಲ್ಲಿ ಪಾರ್ಸಿ ಮಕ್ಕಳಿಗೆ ಕಲಿಸುತ್ತಿದ್ದ ಪ್ರಶ್ನೋತ್ತರ ರೂಪದ ಗುಜರಾತಿ ಪಾಠವೊಂದನ್ನು ದಾದಾಭಾಯಿ ನವರೋಜಿ 1861ರಲ್ಲಿ ಲಿವರ್‌ಪೂಲ್‌ನ ಸಭೆಯೊಂದಕ್ಕೆ ಪರಿಚಯಿಸಿದರು. ಪಾಪಿಗೆ ಶಿಕ್ಷೆಯ ಗಡುವಾಗಿ ಅಲ್ಲಿ ಬರುವುದು ರಸ್ತಾಖೇಜ್, ಅಂದರೆ ಸತ್ತವರು ಏಳುವ ದಿನ. ಆಗ ಬೊಂಬಾಯಿಯ ಪಾರ್ಸಿ ಹುಡುಗರು ಕಲಿಯುತ್ತಿದ್ದದ್ದು ಇದು.

ಬದಲಾವಣೆಯ ಮೊದಲ ಬೀಜ ಒಂದು ನಕಲಿ ಗ್ರಂಥದಲ್ಲಿದೆ. ಅಕ್ಬರನ ಕಾಲದ ಸುಮಾರಿಗೆ ಇರಾನಿನಿಂದ ಬಂದು 17ನೇ ಶತಮಾನದ ಆರಂಭದಲ್ಲಿ ಪಾಟ್ನಾದಲ್ಲಿ ತೀರಿಕೊಂಡ ಆಜರ್ ಕೈವಾನ್ ಎಂಬ ಯೋಗಿಯ ಪಂಥದಿಂದ ದಸಾತೀರ್ ಎಂಬ ಕೃತಿ ಹೊರಟಿತು. ಜರತುಷ್ಟ್ರನಿಗಿಂತ ಎಷ್ಟೋ ಹಿಂದಿನ ಪ್ರವಾದಿಗಳ ವಾಣಿ ಎಂದು ಅದು ಹೇಳಿಕೊಳ್ಳುತ್ತದೆ. ಅದರ ಭಾಷೆಯೇ ಕೃತಕ ಸೃಷ್ಟಿ. ಒಳ್ಳೆಯ ಆತ್ಮಗಳು ಗ್ರಹತಾರೆಗಳಿಗೆ ಏರುತ್ತವೆ, ಕೆಟ್ಟವು ಪ್ರಾಣಿ, ಸಸ್ಯ, ಕಲ್ಲುಗಳಿಗೆ ಇಳಿಯುತ್ತವೆ ಎಂಬುದು ಅದರ ಬೋಧೆ. ಅದರ ಹಸ್ತಪ್ರತಿ ಇಸ್ಫಹಾನಿನಿಂದ ಮುಲ್ಲಾ ಕಾವೂಸ್ ಎಂಬ ಪಾರ್ಸಿ ಪುರೋಹಿತರ ಮೂಲಕ ಬಂದು, ಅವರ ಮಗ ಮುಲ್ಲಾ ಫಿರೋಜರ ಕೈಯಿಂದ 1818ರಲ್ಲಿ ಬೊಂಬಾಯಿಯಲ್ಲಿ ಅಚ್ಚಾಯಿತು. ಯೂರೋಪಿನ ವಿದ್ವಾಂಸರು ನಕಲಿಯೆಂದು ಬೇಗನೆ ಕಂಡುಹಿಡಿದರು. ಆದರೂ ಪಾರ್ಸಿ ಓದುಗರಲ್ಲಿ ಅದರ ಮರ್ಯಾದೆ ಬಹುಕಾಲ ಉಳಿಯಿತು. ಪಾರ್ಸಿ ಅಗ್ರಪುರೋಹಿತರೊಬ್ಬರೇ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಪುನರ್ಜನ್ಮವಿದೆ ಎಂದ ಮೇಲೆ ಅದನ್ನು ಪೂರ್ತಿ ಪರಕೀಯ ಎನ್ನುವುದು ಕಷ್ಟವಾಯಿತು.

ಬೀಜ ಮೊಳೆತದ್ದು ಬೇರೆ ಕಾರಣಕ್ಕೆ. 1839ರಲ್ಲಿ ಸ್ಕಾಟ್ಲೆಂಡಿನ ಮಿಷನರಿ ಜಾನ್ ವಿಲ್ಸನ್ ಇಬ್ಬರು ಪಾರ್ಸಿ ತರುಣರಿಗೆ ಕ್ರೈಸ್ತ ದೀಕ್ಷೆ ಕೊಟ್ಟು ಬೊಂಬಾಯಿಯಲ್ಲಿ ದೊಡ್ಡ ಗದ್ದಲವಾಯಿತು. 1843ರಲ್ಲಿ ಅವರು ಪಾರ್ಸಿ ಧರ್ಮವನ್ನು ಖಂಡಿಸಿ ಪುಸ್ತಕ ಬರೆದರು. ಅವರ ಏಟು ಬಿದ್ದದ್ದು ದ್ವೈತದ ಮೇಲೆ: ದೇವರಿಗೆ ಸಮನಾಗಿ ಇನ್ನೊಬ್ಬ ನಿಲ್ಲುವ ಧರ್ಮ ಎಂಥ ಏಕದೇವೋಪಾಸನೆ? ಉತ್ತರ ಹೇಳಲು ನಿಂತ ಪಾರ್ಸಿಗಳಲ್ಲಿ ಕೆಲವರು ಅಹ್ರಿಮನ್ ಬರೀ ರೂಪಕ, ಮನುಷ್ಯನೊಳಗಿನ ದುರ್ಬುದ್ಧಿಯ ಹೆಸರು ಎಂದರು. 1859ರಿಂದ 1866ರವರೆಗೆ ಪುಣೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದ ಜರ್ಮನ್ ವಿದ್ವಾಂಸ ಮಾರ್ಟಿನ್ ಹೌಗ್, ಜರತುಷ್ಟ್ರನ ಮಾತೆಂದರೆ ಗಾಥೆಗಳು ಮಾತ್ರ, ಅಲ್ಲಿನ ಜೋಡಿ ಶಕ್ತಿಗಳು ಒಬ್ಬನೇ ದೇವರ ಅಧೀನ ಎಂದಾಗ ಓದಿದ ಪಾರ್ಸಿಗಳಿಗೆ ನೆಮ್ಮದಿಯಾಯಿತು. ವಿಲ್ಸನ್‌ಗೆ ಉತ್ತರ ಸಿಕ್ಕಿತು, ಆದರೆ ಬೆಲೆ ದೊಡ್ಡದಾಗಿತ್ತು. ಶತ್ರುವೇ ಇಲ್ಲವಾದ ಮೇಲೆ ಹಸುಗೂಸಿನ ಸಾವಿಗೆ ಹೊಣೆ ಯಾರು? ಸರ್ವಶಕ್ತನೂ ದಯಾಮಯನೂ ಆದ ಒಬ್ಬನೇ ದೇವರ ಲೋಕದಲ್ಲಿ ಅನ್ಯಾಯ ಏಕೆ? ಎರಡೂವರೆ ಸಾವಿರ ವರ್ಷ ಈ ಧರ್ಮವನ್ನು ಕಾಡದ ಪ್ರಶ್ನೆ ಒಂದು ತಲೆಮಾರಿನೊಳಗೆ ಎದುರು ಬಂದು ನಿಂತಿತು.

ಉತ್ತರ ಹಡಗಿನಲ್ಲಿ ಬಂತು. ಬ್ಲಾವಟ್ಸ್ಕಿ ಮತ್ತು ಕರ್ನಲ್ ಆಲ್ಕಾಟ್ 1879ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಇಳಿದರು. ಅವರ ಥಿಯಾಸಫಿಕಲ್ ಸೊಸೈಟಿಗೆ ಪಾರ್ಸಿಗಳು ಉತ್ಸಾಹದಿಂದ ಸೇರಿದರು. ವಿಚಿತ್ರವೆಂದರೆ 1877ರ ತನ್ನ ಮೊದಲ ದೊಡ್ಡ ಪುಸ್ತಕದಲ್ಲಿ ಬ್ಲಾವಟ್ಸ್ಕಿ ಪುನರ್ಜನ್ಮವನ್ನು ಸಾಮಾನ್ಯ ನಿಯಮವೆಂದು ಒಪ್ಪಿರಲಿಲ್ಲ. ಅದು ಆಕೆಯ ಬೋಧನೆಯ ನಡುಮನೆಗೆ ಬಂದದ್ದು ಭಾರತಕ್ಕೆ ಬಂದ ಮೇಲೆ. 1882ರ ಫೆಬ್ರವರಿ 14ರಂದು ಬೊಂಬಾಯಿಯ ಟೌನ್ ಹಾಲಿನಲ್ಲಿ ಆಲ್ಕಾಟ್ ಜರತುಷ್ಟ್ರ ಧರ್ಮದ ಒಳತಿರುಳಿನ ಬಗ್ಗೆ ಭಾಷಣ ಮಾಡಿ, ಅಗ್ನಿ ಮತ್ತು ಆಚರಣೆಗಳ ಹಿಂದೆ ಮರೆತುಹೋದ ಗುಪ್ತವಿದ್ಯೆಯಿದೆ ಎಂದರು. ಮಿಷನರಿ ಮೂಢನಂಬಿಕೆ ಎಂದದ್ದನ್ನು, ಸ್ವಂತ ಸುಧಾರಕರು ಬಿಟ್ಟುಬಿಡಿ ಎಂದದ್ದನ್ನು ಬಿಳಿಯನೊಬ್ಬ ವಿಜ್ಞಾನ ಎಂದ. ಅದರ ಜೊತೆಗೇ ಕರ್ಮ, ಪುನರ್ಜನ್ಮಗಳೂ ಒಳಬಂದವು. ಈ ಪೀಳಿಗೆಯಲ್ಲಿ ಬೆಳೆದ ಬಹಮನ್ ಪೇಸ್ತನ್‌ಜಿ ವಾಡಿಯಾ 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿ, 1922ರಲ್ಲಿ ಸೊಸೈಟಿಯನ್ನು ಬಿಟ್ಟರೂ ಥಿಯಾಸಫಿಯನ್ನು ಬಿಡಲಿಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ 1945ರಲ್ಲಿ ಅವರು ಸ್ಥಾಪಿಸಿದ್ದು.

ಥಿಯಾಸಫಿ ಹೊರಗಿನದು ಎಂಬ ಗೊಣಗಾಟಕ್ಕೆ ಉತ್ತರವಾಗಿ ಒಳಗಿನದೇ ಒಂದು ಪಂಥ ಹುಟ್ಟಿತು. ಸೂರತ್ತಿನ ಬೆಹ್ರಾಮ್‌ಶಾ ಶ್ರಾಫ್ (1858–1927), ತಾನು ಹರೆಯದಲ್ಲಿ ಇರಾನಿನ ದಮಾವಂದ್ ಬೆಟ್ಟದಲ್ಲಿ ಅಡಗಿರುವ ಜರತುಷ್ಟ್ರೀಯ ಗುರುಗಳ ಬಳಿ ಕಲಿತೆನೆಂದು ಹೇಳಿ 20ನೇ ಶತಮಾನದ ಆರಂಭದಲ್ಲಿ ಇಲ್ಮೆ ಖ್ಷ್ನೂಮ್ ಬೋಧಿಸತೊಡಗಿದರು. ಪುನರ್ಜನ್ಮ, ಸಸ್ಯಾಹಾರ, ಮಂತ್ರಗಳ ಕಂಪನ ಇವೆಲ್ಲ ಅದರಲ್ಲಿವೆ. ಎದುರು ನಿಂತವರು ಕರಾಚಿಯ ಮುಖ್ಯ ಪುರೋಹಿತ ಮಾಣೆಕ್‌ಜಿ ಧಲ್ಲಾ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅವರು 1914ರಲ್ಲಿ ಧರ್ಮತತ್ವದ ಇತಿಹಾಸ ಬರೆದರು. 1917ರಲ್ಲಿ ಶ್ರಾಫರ ಶಿಷ್ಯ ಫಿರೋಜ್ ಮಸಾನಿ ಒಂದು ಇಡೀ ಪುಸ್ತಕವನ್ನೇ ಅದರ ಖಂಡನೆಗೆ ಮೀಸಲಿಟ್ಟರು. ಹೆಚ್ಚು ಸಂಪ್ರದಾಯಸ್ಥರೇ ಹೆಚ್ಚು ಹೊಸ ನಂಬಿಕೆಯನ್ನು ಅಪ್ಪಿಕೊಂಡದ್ದು ಈ ಚರಿತ್ರೆಯ ಸೋಜಿಗ. ಆಚರಣೆಯನ್ನು ಉಳಿಸಿಕೊಳ್ಳಲು ಅವರಿಗೆ ಒಂದು ತತ್ವ ಬೇಕಿತ್ತು, ಹಳೆಯ ತತ್ವ ಆಗಲೇ ಕೈಬಿಟ್ಟಿತ್ತು.

ಕೊನೆಯ ಆಕ್ಷೇಪ ಒಂದಿದೆ, ಅದು ನ್ಯಾಯವಾದದ್ದೇ. ಬದುಕಿರುವ ಸಮುದಾಯ ಏನನ್ನು ನಂಬುತ್ತದೋ ಅದೇ ಅದರ ಧರ್ಮ. 2011ರ ಜನಗಣತಿಯಲ್ಲಿ 57,264ಕ್ಕೆ ಇಳಿದ ಜನಕ್ಕೆ ನಿಮ್ಮ ನಂಬಿಕೆ ತಡವಾಗಿ ಬಂದದ್ದು ಎಂದು ಹೇಳುವ ಅಧಿಕಾರ ಹೊರಗಿನ ಲೇಖಕನಿಗೆ ಎಲ್ಲಿಯದು? ಯಾರು ಏನು ನಂಬಬೇಕು ಎಂಬ ಮಾತು ನನ್ನದಲ್ಲ. ಆದರೆ ನಂಬುವವರು ಮುಂದಿಡುವುದು ಬರೀ ನಂಬಿಕೆಯನ್ನಲ್ಲ, ಜರತುಷ್ಟ್ರ ಹೀಗೆ ಕಲಿಸಿದ ಎಂಬ ಚರಿತ್ರೆಯ ಮಾತನ್ನು. ಚರಿತ್ರೆಯ ಮಾತಿಗೆ ಚರಿತ್ರೆಯ ಪುರಾವೆಯೇ ಉತ್ತರ. ಪಾರ್ಸಿಗಳ ಪುನರ್ಜನ್ಮವನ್ನು ಅರಿಯಬೇಕಾದವರು ಗಾಥೆಗಳನ್ನು ಜಾಲಾಡಬೇಕಿಲ್ಲ. 1818ರ ದಸಾತೀರ್‌ನಿಂದ 1917ರ ಮಸಾನಿಯವರೆಗೆ ಬೊಂಬಾಯಿಯಲ್ಲಿ ಅಚ್ಚಾದ ಪುಸ್ತಕಗಳನ್ನು ಓದಬೇಕು.